ಹೊತ್ತು ಹೋದರೆ ಹೋಗಲಿ, 'ಟೈಮ್ ಸ್ಪೆಂಡ್' ಮಾತ್ರ ಬೇಡ

"ನಿಮ್ಮ ಅಮೂಲ್ಯವಾದ ಸಮಯವನ್ನು ಕುಟುಂಬದೊಂದಿಗೆ ಖರ್ಚು ಮಾಡಿ."

ಈ ವಾಕ್ಯದಲ್ಲಿರೋ ಪದಗಳೆಲ್ಲಾ ಕನ್ನಡ ನಿಘಂಟಿನಲ್ಲಿವೆ. ವಿಭಕ್ತಿ ಸರಿಯಾಗಿದೆ, ಕ್ರಿಯಾಪದ ಕೊನೆಗೆ ಬಂದು ಕೂತಿದೆ, ಕಾಗುಣಿತದ ತಪ್ಪೂ ಇಲ್ಲ. ಆದ್ರೂ ಇದು ಕನ್ನಡ ಅಲ್ಲ ಸ್ವಾಮೀ. ಇಂಗ್ಲೀಷಿಗೆ ಪಂಚೆ ಉಡಿಸಿ, ಶಲ್ಯ ಹೊದಿಸಿ ನಿಲ್ಲಿಸಿದ ಹಾಗಿದೆ. ಎಫ್.ಎಂ. ರೇಡಿಯೋದಲ್ಲಿ ಇಂಥದ್ದನ್ನ ಕೇಳ್ತೀವಿ, ಅಪಾರ್ಟ್‌ಮೆಂಟ್ ಜಾಹೀರಾತಿನಲ್ಲಿ ಓದ್ತೀವಿ, ವ್ಯಕ್ತಿತ್ವ ವಿಕಸನದ ಅಂಕಣಗಳಲ್ಲಂತೂ ಇದೇ ಮೂಲಮಂತ್ರ. ಸಮಯ ಉಳಿಸಿ, ಸಮಯ ಹೂಡಿ, ಸಮಯ ಖರ್ಚು ಮಾಡಿ, ಗುಣಮಟ್ಟದ ಸಮಯ ಕೊಡಿ... ಇನ್ನು ಸಮಯಕ್ಕೆ ಜಿ.ಎಸ್.ಟಿ. ಹಾಕೋದೊಂದು ಬಾಕಿ!

ಹೆಂಡತಿ ಮಕ್ಕಳ ಜೊತೆ ಕೂತು ಊಟ ಮಾಡೋದು 'ಖರ್ಚು' ಅಂತ ನಮ್ಮ ಭಾಷೆಯಲ್ಲಿ ಯಾವಾಗ ಆಯ್ತು?

ನನ್ನ ತಕರಾರು ಏನು ಅಂತ ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಅರ್ಧ ಓದಿ "ಇವನೊಬ್ಬ ಕನ್ನಡ ಮಡಿವಂತ" ಅಂತ ಪಕ್ಕಕ್ಕಿಡ್ತೀರಿ. ಇಂಗ್ಲೀಷ್ ಪದ ಬಳಸೋದರ ಮೇಲೆ ನನಗೆ ಸಿಟ್ಟಿಲ್ಲ. ಬಸ್ಸು, ಪೆನ್ನು, ಸ್ವಿಚ್ಚು ಎಲ್ಲಾ ನಮ್ಮವೇ ಆಗಿವೆ. ಸಿಟ್ಟಿರೋದು 'ಟೈಮ್' ಅನ್ನೋ ಪದ ಬರುವಾಗ ಜೊತೆಗೊಂದು ಲೆಕ್ಕದ ಪುಸ್ತಕವನ್ನೂ ಹೊತ್ತು ತಂದದ್ದರ ಮೇಲೆ. ಅದಕ್ಕಿಂತ ಹೆಚ್ಚಾಗಿ, ಅದನ್ನ ಬಿಟ್ಟು 'ಸಮಯ' ಅಂತ ಬರೆದುಬಿಟ್ರೆ ಕನ್ನಡ ಉದ್ಧಾರ ಆಯ್ತು ಅಂದ್ಕೊಂಡಿರೋ ನಮ್ಮ ಅನುವಾದಕರ ಮೇಲೆ.

ಒಂದು ಪದ, ಹನ್ನೆರಡು ಕೆಲಸ

2006ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ತಮ್ಮ ಹತ್ತಿರ ಇದ್ದ ಕೋಟ್ಯಂತರ ಪದಗಳ ಇಂಗ್ಲೀಷ್ ಬರಹವನ್ನ ಜಾಲಾಡಿ, ಅತಿ ಹೆಚ್ಚು ಬಳಕೆಯಾಗೋ ನಾಮಪದ ಯಾವುದು ಅಂತ ಪಟ್ಟಿ ಮಾಡಿದ್ರು. ಮೊದಲ ಸ್ಥಾನ 'ಟೈಮ್'. 'ಪರ್ಸನ್' ಎರಡನೇದು, 'ಇಯರ್' ಮೂರನೇದು. ಆಗ ಪತ್ರಿಕೆಗಳಲ್ಲಿ "ನೋಡಿ, ಮನುಷ್ಯ ಸಮಯದ ಬಗ್ಗೆ ಎಷ್ಟು ಯೋಚಿಸ್ತಾನೆ" ಅಂತೆಲ್ಲಾ ಬಂತು. ಯೋಚನೆಗಿಂತ ಇನ್ನೊಂದು ಸರಳ ಕಾರಣ ಇದೆ. ಇಂಗ್ಲೀಷಿನಲ್ಲಿ ಆ ಒಂದು ಪದವೇ ಹತ್ತು ಜನರ ಕೆಲಸ ಮಾಡುತ್ತೆ. ನಾವು ಈಗ ಮಾತಾಡೋ ಕನ್ನಡದಲ್ಲಿ ಅದು ಎಲ್ಲೆಲ್ಲಿ ನುಗ್ಗಿದೆ ನೋಡಿ. ಪಕ್ಕದಲ್ಲಿ ಅದು ಎಬ್ಬಿಸಿ ಓಡಿಸಿದ ಪದ ಬರೆದಿದ್ದೀನಿ:

- ಟೈಮ್ ಎಷ್ಟಾಯ್ತು? – ಗಂಟೆ ಎಷ್ಟಾಯ್ತು?
- ಮೂರು ಟೈಮ್ ಹೇಳಿದೆ – ಮೂರು ಸಲ, ಮೂರು ಸರ್ತಿ
- ಮೂರು ಟೈಮ್ಸ್ ಜಾಸ್ತಿ – ಮೂರು ಪಟ್ಟು
- ನಂಗೆ ಟೈಮ್ ಇಲ್ಲ – ಪುರುಸೊತ್ತಿಲ್ಲ, ಬಿಡುವಿಲ್ಲ
- ಸಾಲ ತೀರಿಸೋಕೆ ಟೈಮ್ ಕೊಡಿ – ವಾಯಿದೆ ಕೊಡಿ, ಗಡುವು ಕೊಡಿ
- ಅವನ ಟೈಮ್ ಸರಿ ಇಲ್ಲ – ಗ್ರಹಚಾರ ಸರಿ ಇಲ್ಲ
- ನಮಗೂ ಟೈಮ್ ಬರುತ್ತೆ – ಕಾಲ ಬರುತ್ತೆ
- ನಮ್ಮ ಟೈಮಲ್ಲಿ ಹಿಂಗಿರಲಿಲ್ಲ – ನಮ್ಮ ಕಾಲದಲ್ಲಿ
- ರಾತ್ರಿ ಟೈಮು – ರಾತ್ರಿ ಹೊತ್ತು
- ಒಂದೇ ಟೈಮಿಗೆ ಇಬ್ರೂ ಬಂದ್ರು – ಒಟ್ಟಿಗೇ ಬಂದ್ರು
- ತುಂಬಾ ಟೈಮ್ ಆಯ್ತು – ತಡ ಆಯ್ತು, ಹೊತ್ತಾಯ್ತು
- ಬಿತ್ತನೆಗೆ ರೈಟ್ ಟೈಮ್ – ಹದ

ಹನ್ನೆರಡು ಸಾಲು. ಬಲಗಡೆ ಇರೋ ಪದಗಳನ್ನ ಎಣಿಸಿ. ಒಂದೊಂದಕ್ಕೂ ಅದರದ್ದೇ ಆದ ಮನೆ, ಜಗಲಿ, ಬಾಗಿಲು ಇದ್ವು. ಎಲ್ಲವನ್ನೂ ಕೆಡವಿ ಒಂದು ಕಾಂಪ್ಲೆಕ್ಸ್ ಕಟ್ಟಿದ್ದೀವಿ, ಬೋರ್ಡು 'ಟೈಮ್'.

ಇಲ್ಲೊಂದು ತಮಾಷೆ ಇದೆ. ಹೀಗೆ ಬೇರೆ ಬೇರೆ ಪದ ಇಟ್ಕೊಂಡಿರೋದು ಕನ್ನಡದ ಹಳ್ಳಿತನ ಏನಲ್ಲ. ಜರ್ಮನ್ನರು 'ಕಾಲ'ಕ್ಕೆ ತ್ಸೈಟ್ ಅಂತಾರೆ, 'ಸಲ'ಕ್ಕೆ ಮಾಲ್, 'ಗಂಟೆ ಎಷ್ಟು'ಗೆ ಊರ್. ಫ್ರೆಂಚರಿಗೆ ತಾಂ ಬೇರೆ, ಫ್ವಾ ಬೇರೆ, ಅರ್ ಬೇರೆ. ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿರೋ ವಿಚಿತ್ರ ಭಾಷೆ ಇಂಗ್ಲೀಷು. ನಾವು ಆ ವಿಚಿತ್ರವನ್ನೇ ಪ್ರಪಂಚದ ಪದ್ಧತಿ ಅಂದ್ಕೊಂಡು, ಇದ್ದ ಡಬ್ಬಿಗಳನ್ನೆಲ್ಲಾ ಗುಜರಿಗೆ ಹಾಕಿ ಗೋಣಿಚೀಲ ತಂದ್ಕೊಂಡಿದ್ದೀವಿ.

ಹೊತ್ತು ಅಂದ್ರೆ ಸೂರ್ಯ

'ಹೊತ್ತು' ಅನ್ನೋ ಪದವನ್ನೇ ತಗೊಳ್ಳಿ. ಹಳಗನ್ನಡದಲ್ಲಿ ಪೊೞ್ತು. ತಮಿಳಿನಲ್ಲಿ ಪೊಳುದು, ತೆಲುಗಿನಲ್ಲಿ ಪ್ರೊದ್ದು – ಎಲ್ಲಾ ಒಂದೇ ಬಳ್ಳಿ. ಹೊತ್ತು ಅಂದ್ರೆ ಕಾಲವೂ ಹೌದು, ಸೂರ್ಯನೂ ಹೌದು. ಅದಕ್ಕೇ ನಮ್ಮಲ್ಲಿ ಹೊತ್ತು ಹುಟ್ಟುತ್ತೆ, ಹೊತ್ತು ಏರುತ್ತೆ, ಹೊತ್ತು ಇಳಿಯುತ್ತೆ, ಹೊತ್ತು ಮುಳುಗುತ್ತೆ. ಅದನ್ನ ಜೇಬಿಗೆ ಹಾಕ್ಕೊಂಡು ಹೋಗಿ ಖರ್ಚು ಮಾಡೋಕೆ ಆಗಲ್ಲ, ಯಾಕಂದ್ರೆ ಅದು ಆಕಾಶದಲ್ಲಿದೆ. ಊಟಕ್ಕೂ ಅದೇ ಪದ: ಎರಡು ಹೊತ್ತಿನ ಊಟ, ಒಪ್ಪೊತ್ತು. ಹೊತ್ತು ಅಂದ್ರೆ ಬೆಳಕು ಮತ್ತು ಅನ್ನ ಎರಡೂ ಸೇರಿದ ಪದ.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂರಿನ ನಡುವೆ ಬಸ್ಸಿನಲ್ಲೋ ರೈಲಿನಲ್ಲೋ ಓಡಾಡಿದವರಿಗೆ ನಾನು ಹೇಳೋದು ಬೇಗ ಅರ್ಥ ಆಗುತ್ತೆ. ಮೂರೂ ಚಿಕ್ಕಮಗಳೂರು ಜಿಲ್ಲೆಯವೇ. ಆದ್ರೆ ಕಡೂರು ಬಯಲುಸೀಮೆ, ರಾಗಿ, ತೆಂಗು, ಪದೇ ಪದೇ ಬರ. ತರೀಕೆರೆ (ಏರಿ ಮೇಲಿನ ಕುರಿಮರಿಗಳು ನೆನಪಾದ್ವಾ? :) ) ಅರೆಮಲೆನಾಡು, ಅಡಿಕೆ ತೋಟ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು. ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿಗೇ ಸೇರಿತ್ತು, ಈಗ ಅದೇ ಒಂದು ತಾಲ್ಲೂಕು. ಈರುಳ್ಳಿ, ಕಪ್ಪುನೆಲ, ಅಮೃತಮಹಲ್ ಕಾವಲು. ಕಡೂರಿನಲ್ಲಿ "ಹೊತ್ತಾಯ್ತು" ಅನ್ನೋದು ಅಜ್ಜಂಪುರ ದಾಟೋ ಹೊತ್ತಿಗೆ "ಹೊತ್ತಾತು" ಆಗಿರುತ್ತೆ. ಮಣ್ಣು ಬದಲಾಗುತ್ತೆ, ಮಾತು ಬದಲಾಗುತ್ತೆ, ಹೊತ್ತಿನ ಲೆಕ್ಕ ಮಾತ್ರ ಒಂದೇ.

ಕೋಳಿ ಕೂಗೋ ಹೊತ್ತು. ನಸುಕು. ಹೊತ್ತಾರೆ. ಬುತ್ತಿ ಕೊಂಡೊಯ್ಯೋ ಹೊತ್ತು. ಮಟಮಟ ಮಧ್ಯಾಹ್ನ. ಇಳಿಹೊತ್ತು. ದನ ಮನೆಗೆ ಬರೋ ಹೊತ್ತು. ಮುಸ್ಸಂಜೆ. ದೀಪ ಹಚ್ಚೋ ಹೊತ್ತು. ಉಂಬೋ ಹೊತ್ತು. ಸರೊತ್ತು. ಬೆಳಗಿನ ಜಾವ.

ಇದರಲ್ಲಿ ಒಂದಕ್ಕಾದ್ರೂ ಗಡಿಯಾರದ ಮುಳ್ಳು ಬೇಕಾ? ಪ್ರತಿಯೊಂದರಲ್ಲೂ ಯಾರೋ ಏನೋ ಮಾಡ್ತಿದ್ದಾರೆ. ದನ ಬರ್ತಿದೆ, ದೀಪ ಹತ್ತುತ್ತಿದೆ, ಬುತ್ತಿ ಹೊಲಕ್ಕೆ ಹೋಗ್ತಿದೆ. "ಸಂಜೆ 6:15" ಅನ್ನೋದರಲ್ಲಿ ಯಾರೂ ಇಲ್ಲ, ಖಾಲಿ ಡಬ್ಬಿ. ಅದಕ್ಕೇ ಅದನ್ನ ಮಾರೋದು ಸುಲಭ.

ವರ್ಷದ ಲೆಕ್ಕವೂ ಹಾಗೇ. ಸೂರ್ಯ 27 ನಕ್ಷತ್ರ ಸುತ್ತಿ ಬರೋಕೆ ಒಂದು ವರ್ಷ, ಅಂದ್ರೆ ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ. ಜೂನ್ ಮೊದಲ ವಾರ ಮುಗಿಯೋವಾಗ ಮಿರ್ಗದ ಮಳೆ, ಜೂನ್ 21-22ಕ್ಕೆ ಆರಿದ್ರೆ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ. ಕೃಷಿ ಸಲಹೆ ಕೊಡೋ ಮೊಬೈಲ್ ಸಂದೇಶ "ಜೂನ್ ನಾಲ್ಕನೇ ವಾರ ಸೂಕ್ತ ಸಮಯ" ಅನ್ನುತ್ತೆ. ರೈತ "ಆರಿದ್ರೆ ಬರ್ಲಿ, ಹದ ನೋಡ್ಕೊಂಡು ಹಾಕಣ" ಅಂತಾನೆ. ಇಬ್ರೂ ಒಂದೇ ದಿನದ ಮಾತಾಡ್ತಿರಬಹುದು. ಆದ್ರೆ ಮೊದಲನೇದು ದಿನಾಂಕ, ಎರಡನೇದು ದಿನಾಂಕದ ಜೊತೆಗೆ ಒಂದು ಷರತ್ತು. ಮಳೆ ಬಂದ್ರೆ ಮಾತ್ರ ಆ ಕಾಲ ಬಂದ ಹಾಗೆ.

'ಹದ' ಅನ್ನೋ ಪದ ಇದೆಯಲ್ಲ, ಅದರ ಮುಂದೆ 'ಸೂಕ್ತ ಸಮಯ' ಎಷ್ಟು ಬಡಪಾಯಿ! ಭೂಮಿ ಹದಕ್ಕೆ ಬಂದಿದೆ, ಬೆಲ್ಲದ ಪಾಕ ಹದಕ್ಕೆ ಬಂದಿದೆ, ಅಡಿಕೆ ಕೊಯ್ಲಿಗೆ ಹದ ಆಗಿದೆ, ಬೇಯಿಸಿದ ಅಡಿಕೆ ಹದ ಆಯ್ತು. ಹದ ಗಡಿಯಾರದಲ್ಲಿ ಇರಲ್ಲ, ವಸ್ತುವಿನಲ್ಲಿ ಇರುತ್ತೆ. ಮುಟ್ಟಿ ನೋಡ್ಬೇಕು, ಮೂಸಿ ನೋಡ್ಬೇಕು. ಅದು ಕೈಗೆ ಬರೋಕೆ ವರ್ಷಗಟ್ಟಲೆ ಬೇಕು. ಪದ ಹೋದ್ರೆ "ಮುಟ್ಟಿ ನೋಡು" ಅನ್ನೋ ಬುದ್ಧಿಯೂ ಅದರ ಹಿಂದೆಯೇ ಹೋಗುತ್ತೆ. ನಾನು ಹೆದರ್ತಿರೋದು ಅದಕ್ಕೆ.

ಯಾರು ಯಾರಿಗೆ ಯಜಮಾನ

ಈಗ ವ್ಯಾಕರಣಕ್ಕೆ ಬನ್ನಿ. ಬೋರ್ ಹೊಡೆಸಲ್ಲ, ಒಂದೇ ಪ್ಯಾರಾ, ಪ್ರಾಮಿಸ್.

ಇಂಗ್ಲೀಷಿನಲ್ಲಿ ಮನುಷ್ಯ ಕರ್ತೃ, ಟೈಮ್ ಕರ್ಮ. ಅವನು ಟೈಮನ್ನ ಖರ್ಚು ಮಾಡ್ತಾನೆ, ಉಳಿಸ್ತಾನೆ, ಕೊಳ್ತಾನೆ, ಕಳ್ಕೊಳ್ತಾನೆ, ಕೊನೆಗೆ ಕೊಲ್ಲೋದೂ ಉಂಟು! ಕನ್ನಡದಲ್ಲಿ ಬಹುಪಾಲು ಹೊತ್ತೇ ಕರ್ತೃ. ಹೊತ್ತು ಹೋಗುತ್ತೆ, ಹೊತ್ತು ಬರುತ್ತೆ, ಕಾಲ ಕೂಡಿ ಬರುತ್ತೆ, ಗಳಿಗೆ ಒದಗುತ್ತೆ. ಮದುವೆ ಕರೆಯೋಲೆಯಲ್ಲಿ ನೋಡಿ, ಇಂತಿಷ್ಟರಿಂದ ಇಂತಿಷ್ಟರವರೆಗೆ 'ಸಲ್ಲುವ' ಲಗ್ನ ಅಂತ ಇರುತ್ತೆ. ಗಳಿಗೆ ಸಲ್ಲಬೇಕು, ನಾವು ಅದಕ್ಕೆ ಹೊಂದ್ಕೋಬೇಕು. "ನನಗೆ ಪುರುಸೊತ್ತಿಲ್ಲ" ಅಂದ್ರೆ ಪುರುಸೊತ್ತು ನನ್ನ ಆಸ್ತಿ ಅಲ್ಲ, ನನ್ನ ಹತ್ತಿರ ಬಂದಿಲ್ಲ ಅಷ್ಟೇ. 'ಬಿಡುವು' ಅಂದ್ರೆ ಕೆಲಸ ನಮ್ಮನ್ನ ಬಿಟ್ಟಿರೋದು.

1748ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅನ್ನೋ ಅಮೆರಿಕದ ಹಿರಿಯ ಒಬ್ಬ ಎಳೆ ವ್ಯಾಪಾರಿಗೆ ಬುದ್ಧಿ ಹೇಳ್ತಾ "ಟೈಮ್ ಅಂದ್ರೆ ದುಡ್ಡು" ಅನ್ನೋ ಅರ್ಥದ ಮಾತು ಬರೆದ. ವ್ಯಾಪಾರಿಗೆ ಹೇಳಿದ್ದು ಅನ್ನೋದನ್ನ ಮರೀಬೇಡಿ. 1980ರಲ್ಲಿ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ರೂಪಕಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಇಂಗ್ಲೀಷ್ ಮಾತಾಡೋರು ಈ ದುಡ್ಡಿನ ಹೋಲಿಕೆಯನ್ನ ಹೋಲಿಕೆ ಅಂತಲೇ ಗುರುತಿಸದಷ್ಟು ಒಗ್ಗಿಸಿಕೊಂಡಿದ್ದಾರೆ ಅಂತ ತೋರಿಸಿದ್ರು. ಅವರ ಭಾಷೆಯವರೇ ತಮ್ಮ ಮಾತನ್ನ ಅನುಮಾನದಿಂದ ನೋಡ್ತಿದ್ದಾರೆ. ನಾವು ಅದನ್ನ ಪದಕ್ಕೆ ಪದ ಇಳಿಸ್ಕೊಂಡು "ಸಮಯ ನಿರ್ವಹಣೆ" ಅಂತ ತರಬೇತಿ ಶಿಬಿರ ಮಾಡ್ತೀವಿ.

ಬೀರೂರು ಜಂಕ್ಷನ್ನಿನ ಗಡಿಯಾರ

'ಟೈಮ್' ಅನ್ನೋದು ನಮ್ಮೂರುಗಳ ಬಾಯಿಗೆ ಬಂದ ದಾರಿಗಳಲ್ಲಿ ರೈಲು ದೊಡ್ಡದು. ಕಡೂರು ದಾಟಿದ್ರೆ ಬೀರೂರು, ಅಲ್ಲಿ ಹಳಿ ಎರಡಾಗುತ್ತೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ದಾವಣಗೆರೆ, ಹುಬ್ಬಳ್ಳಿಗೆ. "ಗಾಡಿ ರೈಟ್ ಟೈಮಾ?" ಅಂತ ಕೇಳೋದನ್ನ ಈ ಸ್ಟೇಷನ್ನುಗಳಲ್ಲಿ ಇವತ್ತೂ ಕೇಳಬಹುದು. ಇಲ್ಲಿ ಆ ಪದ ನ್ಯಾಯವಾಗೇ ಬಂದಿದೆ. ರೈಲಿಗೆ ಇಳಿಹೊತ್ತು, ಮುಸ್ಸಂಜೆ ಅಂತ ಹೇಳಿದ್ರೆ ನಡಿಯಲ್ಲ. ಒಂದೇ ಹಳಿ ಮೇಲೆ ಎರಡು ಗಾಡಿ ಎದುರುಬದುರು ಬರಬಾರದು ಅಂದ್ರೆ ನಿಮಿಷದ ಲೆಕ್ಕ ಬೇಕು.

ಆದ್ರೆ ಆ ಗಡಿಯಾರ ಯಾರದ್ದು ಅನ್ನೋದನ್ನೂ ನೋಡಿ. ಮೊದಲು ದೇಶದ ರೈಲುಗಳು ಬಹುಪಾಲು ಮದ್ರಾಸ್ ವೇಳೆ ಹಿಡಿದು ಓಡ್ತಿದ್ವು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣಿತ ವೇಳೆ ಬಂತು, ಅದರ ಲೆಕ್ಕ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಆಸುಪಾಸು ಹಾದುಹೋಗುತ್ತೆ. ಕಡೂರು ಇರೋದು ಸುಮಾರು 76 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಆರೂವರೆ ಡಿಗ್ರಿಗೆ 26 ನಿಮಿಷ. ಅಂದ್ರೆ ಕಡೂರಿನಲ್ಲಿ ಸೂರ್ಯ ನೆತ್ತಿಗೆ ಬರೋದು, ವರ್ಷದ ಸರಾಸರಿ ತಗೊಂಡ್ರೆ, ಗಡಿಯಾರದ 12:26ಕ್ಕೆ. ಹಳೆ ಲೆಕ್ಕದಲ್ಲಿ ಒಂದು ಗಳಿಗೆ ಅಂದ್ರೆ 24 ನಿಮಿಷ, ದಿನಕ್ಕೆ 60 ಗಳಿಗೆ. ಹಾಗಾಗಿ ನಮ್ಮೂರಿನ 'ಹೊತ್ತು' ದೇಶದ 'ಟೈಮಿ'ಗಿಂತ ಒಂದು ಗಳಿಗೆಯ ಮೇಲೆ ಸ್ವಲ್ಪ ಹಿಂದೆ ಇದೆ.

ಪ್ರಮಾಣಿತ ವೇಳೆ ಬೇಡ ಅಂತ ನಾನು ಹೇಳ್ತಿಲ್ಲ, ಹುಚ್ಚಾ! ಗಡಿಯಾರ ಒಂದು ಒಪ್ಪಂದ, ಅನುಕೂಲಕ್ಕೆ ಮಾಡ್ಕೊಂಡಿದ್ದು. ಹೊತ್ತು ಅನ್ನೋದು ಬೇರೆ ವಿಷಯ. ಎರಡಕ್ಕೂ ಬೇರೆ ಬೇರೆ ಪದ ಇದ್ದಾಗ ಈ ವ್ಯತ್ಯಾಸ ತಲೆಯಲ್ಲಿ ಇರುತ್ತೆ. ಎರಡನ್ನೂ 'ಟೈಮ್' ಅಂದಾಗ ಒಪ್ಪಂದವೇ ಸತ್ಯ ಅನ್ನಿಸಿಬಿಡುತ್ತೆ.

ನೀವು ಹೇಳಬಹುದಾದ್ದು

ಆಕ್ಷೇಪ ಒಂದು: "ನಿನ್ನ ಪುರುಸೊತ್ತು ಕನ್ನಡದ್ದಾ?" ಅಲ್ಲ. ಅರಬ್ಬಿ ಮೂಲದ್ದು, ಫಾರಸಿ-ಉರ್ದು ಮೂಲಕ ಬಂದ ಫುರ್ಸತ್. ವಾಯಿದೆಯೂ ಅರಬ್ಬಿಯದ್ದು. ಕಾಲ, ವೇಳೆ, ಗಂಟೆ ಸಂಸ್ಕೃತದಿಂದ ಬಂದವು. ಅದೇ ನನ್ನ ವಾದಕ್ಕೆ ಬಲ. ಅವೆಲ್ಲಾ ಬಂದು ನಮ್ಮ ವಾಕ್ಯದೊಳಗೆ ಕೂತವು, ನಮ್ಮ ವಾಕ್ಯವನ್ನ ಒಡೀಲಿಲ್ಲ. ಪುರುಸೊತ್ತು ಬಂದಾಗ ಬಿಡುವು ಮನೆ ಬಿಟ್ಟು ಹೋಗಲಿಲ್ಲ. ಹಾಗೆ ನೋಡಿದ್ರೆ 'ಟೈಂಪಾಸ್' ನನಗೆ ಇಷ್ಟದ ಪದ! ಅದನ್ನ ಹುಟ್ಟಿಸಿದ್ದು ಇಂಗ್ಲೆಂಡಿನವರಲ್ಲ, ನಮ್ಮ ದೇಶದವರು. ರೈಲಿನಲ್ಲಿ "ಟೈಂಪಾಸ್ ಕಡ್ಲೇಕಾಯ್" ಅಂತ ಬರ್ತಾನಲ್ಲ, ಅವನು ನಿಮ್ಮ ಟೈಮನ್ನ ಉಳಿಸ್ತೀನಿ ಅಂತ ಹೇಳಲ್ಲ, ಆರಾಮಾಗಿ ಕಳೀರಿ ಅಂತಾನೆ. ಇಂಗ್ಲೀಷ್ ಪದವನ್ನ ತಗೊಂಡು ಇಂಗ್ಲೀಷಿನ ಲೆಕ್ಕದ ಪುಸ್ತಕಕ್ಕೇ ಬೆಂಕಿ ಇಟ್ಟ ಪುಣ್ಯಾತ್ಮ.

ಆಕ್ಷೇಪ ಎರಡು: "ಕನ್ನಡದಲ್ಲೂ ಕಾಲಹರಣ, ಹೊತ್ತು ದಂಡ ಅಂತೆಲ್ಲಾ ಇದೆಯಲ್ಲ?" ಇದೆ. ಯಾವ ಊರಲ್ಲೂ ಸೋಮಾರಿಯನ್ನ ಬೈಯ್ಯದೆ ಬಿಡಲ್ಲ. ಆದ್ರೆ ಅದು ಬೈಗುಳದಲ್ಲಿ ಬರೋ ಮಾತು, ದಿನವಿಡೀ ಬಳಸೋ ಲೆಕ್ಕಾಚಾರ ಅಲ್ಲ. "ಹೊತ್ತು ದಂಡ ಮಾಡ್ಬೇಡ" ಅಂದ್ರು, ನಿಜ. ಆದ್ರೆ ಅಳಿಯ ಮನೆಗೆ ಬಂದು ನಾಲ್ಕು ದಿನ ಇದ್ರೆ "ನಾಲ್ಕು ದಿನ ಇದ್ದು ಹೋದ" ಅಂದ್ರೇ ವಿನಾ "ನಾಲ್ಕು ದಿನ ಖರ್ಚು ಮಾಡಿದ" ಅನ್ನಲಿಲ್ಲ. 'ಇದ್ದು ಹೋಗು' – ಇದನ್ನ ಇಂಗ್ಲೀಷಿಗೆ ಅನುವಾದಿಸಿ ನೋಡೋಣ.

ಆಕ್ಷೇಪ ಮೂರು, ಇದು ಗಟ್ಟಿ ಇರೋದು: "ಹೊತ್ತು ಮುಳುಗೋವರೆಗೂ ದುಡಿಸ್ಕೊಳ್ತಿದ್ದ ಕಾಲ ಅಷ್ಟು ಚಂದ ಇತ್ತಾ? ಜೀತದಾಳಿಗೆ ಯಾವ ಬಿಡುವು ಇತ್ತು?" ಒಪ್ತೀನಿ, ಪೂರ್ತಿ ಒಪ್ತೀನಿ. ಗೌಡರ ಹೊಲದಲ್ಲಿ ಹೊತ್ತು ಹುಟ್ಟೋ ಮುಂಚಿನಿಂದ ಕತ್ತಲಾಗೋ ತನಕ ಬಗ್ಗಿದ್ದವನಿಗೆ ಇಳಿಹೊತ್ತಿನ ಸೊಬಗು ಹೇಳೋಕೆ ನಾನು ಯಾರು? 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತು. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂತು. ಗಡಿಯಾರ ಇಲ್ದೆ ಈ ಮಿತಿ ಅಳೆಯೋದು ಹೇಗೆ? ಗಡಿಯಾರ ಕೂಲಿಯವನ ಕೈಯಲ್ಲಿ ಆಯುಧ ಆಗಿದ್ದೂ ಉಂಟು.

ಆದ್ರೆ ಈಗ ಆ ಆಯುಧ ಯಾರ ಕೈಲಿದೆ ನೋಡಿ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು. 2024ರ ಜುಲೈನಲ್ಲಿ ಕರ್ನಾಟಕದಲ್ಲಿ ಐಟಿಯವರನ್ನ ದಿನಕ್ಕೆ 12 ಗಂಟೆಗೂ ಮೀರಿ ದುಡಿಸೋಕೆ ಅವಕಾಶ ಕೊಡೋ ತಿದ್ದುಪಡಿಯ ಪ್ರಸ್ತಾಪ ಬಂತು, ನೌಕರರ ಸಂಘಟನೆ ವಿರೋಧಿಸ್ತು. ಆಗ ನಡೆದ ಚರ್ಚೆಗಳನ್ನ ನೆನಪಿಸ್ಕೊಳ್ಳಿ. 70 ಜಾಸ್ತಿಯಾ, 60 ಸಾಕಾ, ಚೀನಾದವರು ಎಷ್ಟು, ಉತ್ಪಾದಕತೆ ಎಷ್ಟು... ಪೂರ್ತಿ ಚೌಕಾಸಿ. ಸಂತೆಯಲ್ಲಿ ಈರುಳ್ಳಿ ಚೀಲ ಹರಾಜು ಹಾಕಿದ ಹಾಗೆ.

ಅದೇ 70 ಗಂಟೆಯನ್ನ ಹೊತ್ತಿಗೆ ಇಳಿಸಿ ನೋಡಿ. ವಾರಕ್ಕೆ ಆರು ದಿನ ಅಂದ್ರೆ ದಿನಕ್ಕೆ 11 ಗಂಟೆ 40 ನಿಮಿಷ. ಬೆಳಗ್ಗೆ 9ಕ್ಕೆ ಕೂತ್ರೆ, ಊಟ ಕಾಫಿಗೆ ಒಂದು ಗಂಟೆ ಬಿಟ್ರೆ, ಏಳೋದು ರಾತ್ರಿ 9:40ಕ್ಕೆ. ಮೇಲೆ ಬೆಂಗಳೂರಿನ ಟ್ರಾಫಿಕ್ಕು. ಹೋದದ್ದು ಯಾವುದು? ಇಳಿಹೊತ್ತು ಹೋಯ್ತು. ಮುಸ್ಸಂಜೆ ಹೋಯ್ತು. ದೀಪ ಹಚ್ಚೋ ಹೊತ್ತು ಹೋಯ್ತು. ಮಕ್ಕಳು ಉಂಬೋ ಹೊತ್ತು, ಮಲಗೋ ಹೊತ್ತು ಹೋಯ್ತು. 'ಗಂಟೆ'ಯಲ್ಲಿ ಎಣಿಸಿದಾಗ ಕಾಣಿಸದೇ ಇದ್ದದ್ದು 'ಹೊತ್ತಿ'ನಲ್ಲಿ ಎಣಿಸಿದಾಗ ಕಣ್ಣಿಗೆ ಹೊಡೆಯುತ್ತೆ. ಗಂಟೆಗಳು ಒಂದರ ಹಾಗೆ ಇನ್ನೊಂದು ಇರ್ತವೆ, ಇವತ್ತು ಎರಡು ತಗೊಂಡು ಭಾನುವಾರ ಎರಡು ವಾಪಸ್ ಕೊಡಬಹುದು ಅನ್ಸುತ್ತೆ. ಮಂಗಳವಾರದ ಮುಸ್ಸಂಜೆಯನ್ನ ಭಾನುವಾರ ವಾಪಸ್ ಕೊಡೋಕಾಗುತ್ತಾ?

ನಾವು ಆಫೀಸುಗಳಲ್ಲಿ ಟೈಮ್‌ಶೀಟ್ ತುಂಬೋ ಜನ. ಹದಿನೈದು ನಿಮಿಷಕ್ಕೊಂದು ಖಾನೆ, ಖಾನೆಗೊಂದು ಪ್ರಾಜೆಕ್ಟ್ ಕೋಡ್. ಖಾನೆ ಖಾಲಿ ಬಿಟ್ರೆ ಕೆಂಪು ಬಣ್ಣ. ವಾರಗಟ್ಟಲೆ ಇದನ್ನ ತುಂಬಿ ಊರಿಗೆ ಹೋದಾಗ, ಅಮ್ಮ "ಎಷ್ಟು ದಿನ ಇರ್ತೀಯಪ್ಪಾ?" ಅಂತ ಕೇಳಿದ್ರೆ ನಮ್ಮ ಬಾಯಿಂದ "ಎರಡು ದಿನ ಸ್ಪೆಂಡ್ ಮಾಡೋಕೆ ಬಂದಿದ್ದೀನಮ್ಮ" ಅಂತ ಬರುತ್ತಲ್ಲ, ಅದು ಬರೀ ಪದದ ಸಮಸ್ಯೆ ಅಲ್ಲ. ಅಮ್ಮನೂ ಒಂದು ಖಾನೆ ಆಗಿದ್ದಾಳೆ.

ಕಂಪ್ಯೂಟರಿನ ಕನ್ನಡ

ಇದರಲ್ಲಿ ನಮ್ಮ ಜಾತಿಯವರದ್ದು, ಅಂದ್ರೆ ಸಾಫ್ಟ್‌ವೇರಿನವರದ್ದು, ದೊಡ್ಡ ಪಾಲಿದೆ. ತಂತ್ರಾಂಶಗಳನ್ನ ಕನ್ನಡಕ್ಕೆ ತರೋವಾಗ ಇಂಗ್ಲೀಷಿನ ತುಣುಕುಗಳ ಒಂದು ಪಟ್ಟಿ ಕೊಡ್ತಾರೆ. ಅದರಲ್ಲಿ 'ಟೈಮ್' ಅಂತ ಒಂದು ತುಣುಕು. ಸಂದರ್ಭ ಬೇರೆ ಬೇರೆ ಅಂತ ಬರೆದವನು ಗುರುತು ಹಾಕದಿದ್ರೆ, ಎಲ್ಲಾ ಕಡೆಗೂ ಒಂದೇ ಅನುವಾದ. ಅನುವಾದಕ 'ಸಮಯ' ಅಂತ ತುಂಬಿ ಕೈ ತೊಳ್ಕೊಳ್ತಾನೆ. ಆಮೇಲೆ ಪರದೆ ಮೇಲೆ "5 ಸಮಯಗಳು ಪ್ರಯತ್ನಿಸಲಾಗಿದೆ" ಅಂತ ಬಂದ್ರೆ ಆಶ್ಚರ್ಯ ಏನು? "5 ಸಲ" ಅನ್ನೋಕೆ ನಾಲಿಗೆ ಇರೋನಿಗೆ ಗೊತ್ತು, ಪಟ್ಟಿಗೆ ಗೊತ್ತಿಲ್ಲ.

ಎ.ಎಂ., ಪಿ.ಎಂ. ವಿಷಯಕ್ಕೆ ಬನ್ನಿ. ಯೂನಿಕೋಡ್ ಸಂಸ್ಥೆಯ ಸಿ.ಎಲ್.ಡಿ.ಆರ್. ಅನ್ನೋ ದತ್ತಾಂಶದಲ್ಲಿ ಇವಕ್ಕೆ ಕನ್ನಡದ್ದು ಅಂತ ಇರೋದು 'ಪೂರ್ವಾಹ್ನ', 'ಅಪರಾಹ್ನ'. ಮೊಬೈಲುಗಳು ಅಲ್ಲಿಂದಲೇ ಎತ್ಕೊಳ್ತವೆ. ಕರಾವಳಿಯ ಆಮಂತ್ರಣ ಪತ್ರಿಕೆಗಳಲ್ಲಿ ಅಪರಾಹ್ನ ಸಹಜವಾಗಿ ಬರುತ್ತೆ, ಅವರ ಬಗ್ಗೆ ನನ್ನ ದೂರಿಲ್ಲ. ಆದ್ರೆ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು "ತರೀಕೆರೆ ಬಸ್ಸು ಅಪರಾಹ್ನ ಎಂಟಕ್ಕಾ?" ಅಂತ ಕೇಳಿ ನೋಡಿ, ಕಂಡಕ್ಟರ್ ನಿಮ್ಮನ್ನ ಒಂದು ಥರಾ ನೋಡ್ತಾನೆ. ನಮ್ಮಲ್ಲಿ ಬೆಳಗಿನ ಜಾವ ನಾಲ್ಕು, ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಮೂರು, ಸಂಜೆ ಆರು, ರಾತ್ರಿ ಒಂಬತ್ತು. ಇಂಗ್ಲೀಷ್ ದಿನವನ್ನ ನಡುಮಧ್ಯಕ್ಕೆ ಕೊಯ್ದು ಎರಡು ತುಂಡು ಮಾಡುತ್ತೆ, ಕನ್ನಡ ಐದು ಮಾಡುತ್ತೆ. ಹೀಗೆ ಹೊತ್ತಿಗೆ ತಕ್ಕಂತೆ ತೋರಿಸೋ ಏರ್ಪಾಡು ಅದೇ ಸಿ.ಎಲ್.ಡಿ.ಆರ್.ನಲ್ಲೇ ಇದೆ. ಬಳಸೋಕೆ ತಂತ್ರಜ್ಞಾನ ಅಡ್ಡಿ ಇಲ್ಲ, ಉದಾಸೀನವೇ ಅಡ್ಡಿ.

ಇನ್ನು ಈ 'ಸಮಯ' ಅನ್ನೋ ಪದದ ಕಥೆಯೇ ಮಜವಾಗಿದೆ. ಹಳಗನ್ನಡದಲ್ಲಿ ಅದಕ್ಕೆ ಮತ, ಸಿದ್ಧಾಂತ ಅನ್ನೋ ಅರ್ಥ ಚಾಲ್ತಿಯಲ್ಲಿತ್ತು. ಹನ್ನೆರಡನೇ ಶತಮಾನದ ಬ್ರಹ್ಮಶಿವ 'ಸಮಯಪರೀಕ್ಷೆ' ಅಂತ ಬರೆದ. ಅದು ಪರೀಕ್ಷೆಯ ವೇಳಾಪಟ್ಟಿ ಅಲ್ಲ ಮತ್ತೆ :) ಬೇರೆ ಬೇರೆ ಮತಗಳನ್ನ ಒರೆಗೆ ಹಚ್ಚಿದ ಕೃತಿ. ನಮ್ಮ ಆಡುಮಾತಿನಲ್ಲಿ ಸಮಯ ಅಂದ್ರೆ ಸಂದರ್ಭ: "ಸಮಯಕ್ಕೆ ಸರಿಯಾಗಿ ಬಂದೆ", "ಸಮಯಸಾಧಕ". ಹೀಗೆ ತನ್ನದೇ ಬದುಕಿದ್ದ ಪದವನ್ನ ಹಿಡಿದು ತಂದು 'ಟೈಮ್'ನ ಬದಲಿ ಆಳು ಮಾಡಿದ್ದೀವಿ. ಅದಕ್ಕೂ ಅನ್ಯಾಯ, ಓಡಿಸಿದ ಹನ್ನೆರಡು ಪದಕ್ಕೂ ಅನ್ಯಾಯ. ನನ್ನ ಕೇಳಿದ್ರೆ, ರೇಡಿಯೋದ ಹುಡುಗಿ ನೇರವಾಗಿ "ಟೈಮ್ ಸ್ಪೆಂಡ್ ಮಾಡಿ" ಅಂದ್ರೆ ಅಷ್ಟು ಹಾನಿ ಇಲ್ಲ, ಅದು ಇಂಗ್ಲೀಷು ಅಂತ ಕೇಳಿದವರಿಗೆ ಗೊತ್ತಾಗುತ್ತೆ. "ಸಮಯವನ್ನು ವ್ಯಯಿಸಿ" ಅಂತ ಪತ್ರಿಕೆ ಬರೆದ್ರೆ ಅದನ್ನ ಓದಿದ ಮಗು ಇದೇ ಒಳ್ಳೇ ಕನ್ನಡ ಅಂತ ಕಲಿಯುತ್ತೆ.

ನಮ್ಮ ನಮ್ಮಲ್ಲೇ ಒಂದು ಮಾತು

ಬ್ಲಾಗಿಗ ಮಿತ್ರರೇ, ಈಗ ನಿಮ್ಮ ಸರದಿ. ಕನ್ನಡ ಬ್ಲಾಗುಗಳಲ್ಲಿ ಅತಿ ಹೆಚ್ಚು ಸಲ ಬರೆಯಲ್ಪಟ್ಟ ವಾಕ್ಯ ಯಾವುದು ಗೊತ್ತಾ? "ತುಂಬಾ ದಿನದಿಂದ ಬರೆಯಲು ಟೈಮ್ ಸಿಕ್ಕಿರಲಿಲ್ಲ." ಟೈಮ್ ಏನು ರಸ್ತೆಯಲ್ಲಿ ಬಿದ್ದಿರೋ ಐದು ರೂಪಾಯಿ ನಾಣ್ಯವಾ, ಸಿಗೋಕೆ? "ಬಿಡುವು ಮಾಡ್ಕೊಳ್ಳಲಿಲ್ಲ" ಅಂತ ಬರೆದು ನೋಡಿ. ಕೈ ತಡೆಯುತ್ತೆ. ಯಾಕಂದ್ರೆ ಕನ್ನಡದಲ್ಲಿ ಬಿಡುವು 'ಮಾಡ್ಕೊಳ್ಳೋ'ದು, ಮಾಡ್ಕೊಳ್ಳದಿದ್ದವರು ನಾವೇ ಅಂತ ವ್ಯಾಕರಣವೇ ಹಿಡಿದುಕೊಡುತ್ತೆ. ಟೈಮಿನ ಮೇಲೆ ಗೂಬೆ ಕೂರಿಸೋಕೆ ಬಿಡಲ್ಲ.

ನನ್ನ ಕೋರಿಕೆ ದೊಡ್ಡದೇನಲ್ಲ:

1. ಗಂಟೆ ಕೇಳುವಾಗ ಗಂಟೆ ಕೇಳಿ, ಎಣಿಸುವಾಗ ಸಲ ಅನ್ನಿ, ಗುಣಿಸುವಾಗ ಪಟ್ಟು ಅನ್ನಿ. ಇದಕ್ಕೆ ಯಾವ ಪಾಂಡಿತ್ಯವೂ ಬೇಡ.

2. ರೈಲಿಗೆ, ಆಫೀಸಿಗೆ, ಪರೀಕ್ಷೆಗೆ 'ಟೈಮ್' ಇಟ್ಕೊಳ್ಳಿ. ಅದು ಗಡಿಯಾರದ ವ್ಯವಹಾರ. ಊಟ, ನಿದ್ದೆ, ಮಕ್ಕಳು, ಅಪ್ಪ ಅಮ್ಮ, ಹೊಲ, ಹಾಡು – ಇವುಗಳ ಹತ್ತಿರ ಹೋಗುವಾಗ ಅದನ್ನ ಚಪ್ಪಲಿ ಜೊತೆ ಹೊರಗೆ ಬಿಡಿ.

3. ಅನುವಾದ ಮಾಡೋರು ದಯವಿಟ್ಟು 'ಟೈಮ್' ಕಂಡಕೂಡಲೇ 'ಸಮಯ' ಅಂತ ಒತ್ತಬೇಡಿ. ಒಂದು ಗಳಿಗೆ ನಿಲ್ಲಿ. ಇಪ್ಪತ್ತನಾಲ್ಕೇ ನಿಮಿಷ.

4. ನಿಮ್ಮ ನಿಮ್ಮ ಊರಿನ ಹೊತ್ತಿನ ಹೆಸರುಗಳನ್ನ ಬರೆದಿಡಿ. ಹಾಸನದ ಕಡೆ ಏನಂತಾರೆ, ಬೀದರಿನಲ್ಲಿ, ಕಾಸರಗೋಡಿನಲ್ಲಿ, ಶಿರಸಿ ಘಟ್ಟದ ಮೇಲೆ ಏನಂತಾರೆ? ನಾನು ಬರೆದದ್ದು ಮೂರೂರಿನದ್ದು ಮಾತ್ರ. ಸರೊತ್ತು ಅನ್ನೋ ಪದ ಎಷ್ಟು ದೂರದ ತನಕ ಹೋಗುತ್ತೆ ಅಂತ ನನಗೆ ನಿಜಕ್ಕೂ ತಿಳ್ಕೋಬೇಕಾಗಿದೆ.

ಒಂದು ಭಾಷೆ ಸಾಯೋದು ಅದರಲ್ಲಿ ಪರಭಾಷೆಯ ಪದ ಹೆಚ್ಚಾಗಿ ಅಲ್ಲ. ಕನ್ನಡ ಎರಡು ಸಾವಿರ ವರ್ಷದಿಂದ ಪದಗಳನ್ನ ಸಾಲ ತಗೊಂಡೇ ಬದುಕಿದೆ. ಆ ಭಾಷೆಯಲ್ಲಿ ಮಾತ್ರ ಹೇಳಬಹುದಾಗಿದ್ದ ಮಾತು ಒಂದೊಂದಾಗಿ ಕಮ್ಮಿಯಾದ್ರೆ, ಆಮೇಲೆ ಉಳಿಯೋದು ಲಿಪಿ ಮಾತ್ರ. ನಾವು ಇಷ್ಟು ಕಷ್ಟಪಟ್ಟು ಯೂನಿಕೋಡಿನಲ್ಲಿ ಒತ್ತಕ್ಷರ ಕುಟ್ಟೋದು ಬರೀ ಲಿಪಿ ಉಳಿಸೋಕಾ?

ಬೈಯ್ಯೋರು ಬೈಯ್ಯಿರಿ, ಒಪ್ಪೋರು ಒಪ್ಪಿ, ಪಟ್ಟಿಗೆ ಪದ ಸೇರಿಸೋರು ಕಾಮೆಂಟಿನಲ್ಲಿ ಸೇರಿಸಿ. ಟೈಮ್ ಸಿಕ್ಕಾಗ ಅಲ್ಲ, ಪುರುಸೊತ್ತು ಮಾಡ್ಕೊಂಡು.

ಏನಂತೀರಾ?